ಇಪ್ಪತ್ತೆರಡು ಇಂಚಿನ ಕೆಂಚವ್ವ

ಕೆಂಚವ್ವನ ಮನೆಯಲ್ಲಿ ಮೂರೇ ಮಂದಿ, ಮೂವರದೂ ಮೂರು ಅಳತೆ. ತಮ್ಮ ಪರಸಪ್ಪ ಆರಡಿ ಎರಡಿಂಚು. ಬಾಗಿಲಲ್ಲಿ ತಲೆ ಬಗ್ಗಿಸುವುದನ್ನು ದಿನಕ್ಕೊಮ್ಮೆಯಾದರೂ ಮರೆಯುತ್ತಿದ್ದ, ಮರೆತಾಗಲೆಲ್ಲ ಮೇಲಿನ ಚೌಕಟ್ಟಿನ ಸುಣ್ಣ ಅವನ ಹಣೆಗೆ ಬರುತ್ತಿತ್ತು. ಗಂಡ ದ್ಯಾಮಪ್ಪ ಐದಡಿಗೆ ಒಂದಿಂಚು ಕಡಿಮೆ. ಆ ಒಂದಿಂಚನ್ನು ಅವನು ಯಾವತ್ತೂ ಒಪ್ಪಿಕೊಂಡವನಲ್ಲ. ಪಟಗಾ ಸುತ್ತಿಕೊಂಡು ನಿಂತರೆ ತಾನು ಐದಡಿ ಮೂರಿಂಚು ಎಂದು ಎದೆ ಸೆಟೆಸಿ ಹೇಳುತ್ತಿದ್ದ. ಇವರಿಬ್ಬರ ನಡುವೆ ಕೆಂಚವ್ವ, ಐದಡಿ ಆರಿಂಚು.

ಹೆಣ್ಣುಮಗಳಿಗೆ ಅಷ್ಟು ಎತ್ತರ ಯಾಕೆ ಬೇಕಿತ್ತು ಎಂದು ಊರವರು ಅವಳ ತಾಯಿಯನ್ನು ಕೇಳುತ್ತಿದ್ದರು, ತಾಯಿಯೇ ಬೇಡವೆಂದರೂ ಬೆಳೆಸಿದಳೇನೋ ಎಂಬಂತೆ. ಹೆಣ್ಣು ನೋಡಲು ಯಾರು ಬಂದರೂ ಕೆಂಚವ್ವನನ್ನು ಮೊದಲೇ ಕೂರಿಸಿಬಿಡುತ್ತಿದ್ದರು, ಅವರು ಎದ್ದು ಓಣಿ ದಾಟುವವರೆಗೆ ಅವಳು ಏಳುವಂತಿರಲಿಲ್ಲ. ದ್ಯಾಮಪ್ಪನ ಕಡೆಯವರೂ ಹಾಗೇ ನೋಡಿ ಹೋದರು. ಅಕ್ಷತೆಯ ದಿನ ಅಂತರಪಟ ಸರಿದಾಗ ದ್ಯಾಮಪ್ಪ ಎದುರಿಗೆ ಒಂದು ಕೊರಳನ್ನು ಕಂಡ. ನಿಧಾನಕ್ಕೆ ಮೇಲೆ ನೋಡಿ, ಮುಖವೂ ಇದೆಯೆಂದು ಖಾತ್ರಿ ಮಾಡಿಕೊಂಡು ಹಲ್ಲು ಕಿರಿದ. ಕೆಂಚವ್ವನಿಗೆ ಆ ನಗು ಇಷ್ಟವಾಯಿತು. ಯಾರೋ ಎರಡು ಮಣೆ ತಂದು ಅವನ ಕಾಲ ಕೆಳಗಿಟ್ಟರು, ಮದುವೆ ಆಗಿಹೋಯಿತು.

ಧಾರವಾಡದ ಕಡೆಯ ಹಳ್ಳಿಯಿಂದ ಈ ಮೂವರೂ ದಾಂಡೇಲಿಗೆ ಬಂದದ್ದು ಕಾಗದದ ಗಿರಣಿ ಶುರುವಾದ ಹೊಸದರಲ್ಲಿ. ಭಾವ ಭಾವಮೈದುನ ಇಬ್ಬರಿಗೂ ಬಿದಿರಿನ ಯಾರ್ಡಿನಲ್ಲಿ ಕೆಲಸ ಸಿಕ್ಕಿತು. ಕೆಂಚವ್ವ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಹೆಂಡಿರು ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಹದಿನಾಲ್ಕು ಮಂದಿ ಕೆಲಸಗಾರರಿಗೆ ಅವರ ಲೈನುಮನೆಗಳಲ್ಲೂ ಗಿರಣಿಯ ಗೇಟಿನಲ್ಲೂ ದಿನಾ ಒಯ್ದು ಕೊಡುತ್ತಿದ್ದಳು. ಮನೆಯಿಂದ ಗಿರಣಿಗೆ ಎರಡು ಮೈಲು. ನಡೆದು ನಡೆದು ಬೇಸತ್ತ ಗಂಡಸರಿಬ್ಬರೂ ಅರವತ್ತೊಂದರ ದೀಪಾವಳಿ ಮುಗಿಯುತ್ತಲೇ ಕೂಡಿ ಒಂದು ಸೈಕಲ್ಲು ಕೊಳ್ಳುವುದೆಂದು ನಿಶ್ಚಯಿಸಿದರು.

ಮೊದಲು ಹೋದದ್ದು ಮಲಿಕಸಾಬನ ಹತ್ತಿರ. ಗಿರಣಿ ದಾರಿಯ ತಿರುವಿನಲ್ಲಿ ಅವನದು ಸೈಕಲ್ ರಿಪೇರಿ ಅಂಗಡಿ. ಮಲಿಕಸಾಬನಿಗೆ ಮಂದಿಯ ಮುಖ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ರಸ್ತೆಯಲ್ಲಿ ಯಾರು ನಡೆದು ಹೋದರೂ ಸೊಂಟದಿಂದ ಕೆಳಗೆ ನೋಡಿ “ಇಪ್ಪತ್ತೆರಡು”, “ಇಪ್ಪತ್ತನಾಕು” ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ಸೈಕಲ್ಲಿನ ಚೌಕಟ್ಟು, ಅಂದರೆ ಫ್ರೇಮು, ಆ ಕಾಲಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಆ ಅಳತೆಗಳಲ್ಲಿ. ಕುಳ್ಳರಿಗೆ ಇಪ್ಪತ್ತು, ನಡುವಿನವರಿಗೆ ಇಪ್ಪತ್ತೆರಡು, ಉದ್ದನೆಯವರಿಗೆ ಇಪ್ಪತ್ತನಾಲ್ಕು.

ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ಮಲಿಕಸಾಬ ಬಹಳ ಹೊತ್ತು ನೋಡಿದ.

“ಇಬ್ಬರಿಗೂ ಕೂಡಿ ಒಂದ ಸೈಕಲ್ಲು ಅಂದ್ರ, ಇಬ್ಬರಿಗೂ ಕೂಡಿ ಒಂದ ಚಡ್ಡಿ ಅಂದಂಗಾತು. ಒಬ್ಬಾಂವಗ ಉಸರು ಕಟ್ಟತೈತಿ, ಇನ್ನೊಬ್ಬಾಂವಗ ಉದುರಿ ಬೀಳತೈತಿ.”

ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದವರು ನಕ್ಕರು. ದ್ಯಾಮಪ್ಪನಿಗೆ ಸಿಟ್ಟು ಬಂತು.

“ನಡಿಯೋ ಪರಸ್ಯಾ, ಹುಬ್ಬಳ್ಳಿಗೆ ಹೋಗೂಣು. ಅಲ್ಲಿ ಸೈಕಲ್ಲು ಮಾರ್ತಾರ, ಭಾಷಣಾ ಮಾಡೂದಿಲ್ಲ.”

ಹುಬ್ಬಳ್ಳಿಯ ಅಂಗಡಿಯಲ್ಲಿ ನಡೆದದ್ದನ್ನು ಆಮೇಲೆ ಪರಸಪ್ಪ ಅಕ್ಕನಿಗೆ ನೂರು ಸಲ ಹೇಳಿದ. ಇಪ್ಪತ್ತನಾಲ್ಕರ ಮೇಲೆ ಪರಸಪ್ಪ ಸಲೀಸಾಗಿ ಕಾಲು ಹಾಕಿ ನಿಂತ. ದ್ಯಾಮಪ್ಪನೂ ನೋಡೇಬಿಡುವ ಎಂದು ಕಾಲು ಹಾಕಿದ, ಹಾಕಿದ ಕಾಲು ಆಚೆ ನೆಲಕ್ಕೆ ಇಳಿಯಲೊಲ್ಲದು. ತೂಗುಹಾಕಿದ ಬಟ್ಟೆಯಂತೆ ಅಡ್ಡಪಟ್ಟಿಯ ಮೇಲೆ ನೇತಾಡುತ್ತ, “ಈ ಅಂಗಡಿ ನೆಲಾ ಸಪಾಟ ಇಲ್ಲ” ಎಂದ. ಅಂಗಡಿಯವನು ಇಪ್ಪತ್ತು ತೋರಿಸಿದ. “ಇದು ಸಾಲೀಗೆ ಹೋಗೂ ಹುಡುಗೂರ್ದು” ಎಂದು ದ್ಯಾಮಪ್ಪ ಮುಖ ತಿರುಗಿಸಿದ. ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ಅಂಗಡಿಯವನು, “ನಡುವಿಂದು ಒಯ್ಯಿರಿ, ಇಬ್ಬರಿಗೂ ಬರತೈತಿ” ಎಂದ. ಹಾಗೆ ಇಪ್ಪತ್ತೆರಡು ಇಂಚಿನ ಹಸಿರು ಸೈಕಲ್ಲೊಂದು ಬಸ್ಸಿನ ನೆತ್ತಿಯ ಮೇಲೆ ಮಲಗಿಕೊಂಡು ದಾಂಡೇಲಿಗೆ ಬಂತು. ಒಬ್ಬನಿಗೆ ಎರಡಿಂಚು ಸಣ್ಣದು, ಇನ್ನೊಬ್ಬನಿಗೆ ಎರಡಿಂಚು ದೊಡ್ಡದು.

ಕೆಂಚವ್ವ ಅದಕ್ಕೆ ಆರತಿ ಎತ್ತಿ, ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

“ಪರಸಪ್ಪಂದು ಮುಂಜಾನಿ ಪಾಳಿ, ಏಳರಿಂದ ಮೂರು. ನಿಮ್ಮದು ಮೂರರಿಂದ ಹನ್ನೊಂದು. ಅಂವಾ ಸೈಕಲ್ ಮ್ಯಾಲ ಗಿರಣಿಗೆ ಹೋದ್ರ, ನೀವು ಹೆಂಗ ಹೋಗ್ತೀರಿ?”

“ನಾ ನಡಕೋತ ಹೋಗ್ತೇನಿ. ಅಲ್ಲಿ ಅವನ ಕಡಿಂದ ಸೈಕಲ್ ತಗೋತೇನಿ.”

“ಅಂವಾ ಮನೀಗೆ ಹೆಂಗ ಬರ್ತಾನ?”

ದ್ಯಾಮಪ್ಪ ಪರಸಪ್ಪನನ್ನು ನೋಡಿದ. ಪರಸಪ್ಪ ಚಾವಣಿಯನ್ನು ನೋಡಿದ.

“ನಡಕೋತ,” ಎಂದ ಪರಸಪ್ಪ.

ಹೋಗುವಾಗ ಒಬ್ಬ ಸವಾರ, ಬರುವಾಗ ಇನ್ನೊಬ್ಬ. ಮೊದಲು ನಡೆಯುತ್ತಿದ್ದುದರಲ್ಲಿ ಅರ್ಧ ದಾರಿ ನಡೆಯುವುದು ಇಬ್ಬರಿಗೂ ತಪ್ಪಲಿಲ್ಲ. ಆದರೂ ಸೈಕಲ್ಲಿನ ಒಡೆಯರು ಎಂಬ ಹೆಮ್ಮೆ ನಡೆಯುವಾಗಲೂ ಇರುತ್ತಿತ್ತೆಂದು ಕಾಣುತ್ತದೆ. ಬರಿಗೈಲಿ ನಡೆದು ಬರುತ್ತಿದ್ದ ಪರಸಪ್ಪ ದಾರಿಯಲ್ಲಿ ಎದುರಾದವರಿಗೆಲ್ಲ ಗಂಟೆ ಬಾರಿಸುವಂತೆ ಹೆಬ್ಬೆರಳು ಆಡಿಸುತ್ತಿದ್ದ.

ಕಷ್ಟ ಇದ್ದದ್ದು ಹಸ್ತಾಂತರದಲ್ಲಿ. ಪರಸಪ್ಪ ಕೂತರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿತ್ತು. ಕಪ್ಪೆಯ ಹಾಗೆ ತೊಡೆ ಅಗಲಿಸಿ ತುಳಿಯಬೇಕು. ಅದಕ್ಕೆ ಅವನು ಸೀಟನ್ನೂ ಹ್ಯಾಂಡಲನ್ನೂ ಬರುವಷ್ಟು ಮೇಲೆ ಎಳೆದ. ಹಾಗೆ ಹೋಗುವಾಗ ಅವನು ಪರಾತದಂಥ ದೊಡ್ಡ ತಟ್ಟೆ ಎತ್ತಿ ಹಿಡಿದು ಯಾರಿಗೋ ಊಟ ಒಯ್ಯುವವನಂತೆ ಕಾಣುತ್ತಿದ್ದ. ದ್ಯಾಮಪ್ಪ ರಾತ್ರಿ ಹನ್ನೊಂದಕ್ಕೆ ಪಾಳಿ ಬಿಟ್ಟಮೇಲೆ ಗೇಟಿನ ಹೊರಗೆ ಬೋಲ್ಟು ತಿರುಗಿಸುವ ಪಾನಾ ಹಿಡಿದು ಕೂತು ಎರಡನ್ನೂ ತಳಕ್ಕೆ ಇಳಿಸುತ್ತಿದ್ದ. ಇಳಿಸಿದರೂ ಅವನ ಕಾಲು ಕೆಳಗಿನ ಪೆಡಲಿಗೆ ಮುಟ್ಟುತ್ತಿರಲಿಲ್ಲ. ಮೇಲೆ ಬಂದ ಪೆಡಲನ್ನು ಒದ್ದು ಕಳಿಸಿ, ಅದು ಮತ್ತೆ ಮೇಲೆ ಬರುವವರೆಗೆ ಕಾಯುತ್ತಿದ್ದ. ಕಾಲು ನೆಲಕ್ಕೆ ಎಟುಕದ್ದರಿಂದ ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ. ನಿಲ್ಲಬೇಕಾದರೆ ಮೋರಿಯ ಕಟ್ಟೆಯೋ ಮೈಲಿಗಲ್ಲೋ ಬೇಕು. ಗಿರಣಿಯಿಂದ ಮನೆಯವರೆಗೆ ಎಷ್ಟು ಕಲ್ಲುಗಳಿವೆ ಎಂಬುದು ಲೋಕೋಪಯೋಗಿ ಇಲಾಖೆಯವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೂ ಒಂದು ಸಂಗತಿ ಇಬ್ಬರಿಗೂ ಗೊತ್ತಿರಲಿಲ್ಲ. ಆ ಕಾಲದ ಸೈಕಲ್ಲುಗಳಿಗೆ ಬ್ರೇಕಿನ ಕಬ್ಬಿಣದ ಸರಳು ಹ್ಯಾಂಡಲಿಗೇ ಜೋಡಿಸಿರುತ್ತಿತ್ತು. ಹ್ಯಾಂಡಲ್ ಏರಿಸಿದರೆ ಸರಳನ್ನೂ ಸಡಿಲಿಸಬೇಕು, ಇಳಿಸಿದರೆ ಮತ್ತೆ ಬಿಗಿಯಬೇಕು. ಪರಸಪ್ಪ ಏರಿಸಿದಾಗ ಬ್ರೇಕು ತಾನೇ ಹಿಡಿದುಕೊಂಡು ಗಾಲಿ ತಿರುಗಲೊಲ್ಲದು. ಅವನು ಬೆವರು ಸುರಿಸುತ್ತ, “ಹೊಸಾ ಸೈಕಲ್ ಅಲ್ಲ? ಇನ್ನೂ ಪಳಗಿಲ್ಲ” ಎನ್ನುತ್ತಿದ್ದ. ದ್ಯಾಮಪ್ಪ ಇಳಿಸಿದಾಗ ಬ್ರೇಕೇ ಇಲ್ಲ. “ಎಷ್ಟ ಚಲೋ ಓಡತೈತಿ ನೋಡು” ಎಂದು ಅವನು ಖುಷಿಪಟ್ಟ.

ವಾರ ಬದಲಾಯಿತು, ಪಾಳಿಯೂ ಬದಲಾಯಿತು. ಸೋಮವಾರ ಬೆಳಗ್ಗೆ ದ್ಯಾಮಪ್ಪ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ರಜೆಯ ಭಾನುವಾರ ಪರಸಪ್ಪ ಏರಿಸಿದ್ದ ಹ್ಯಾಂಡಲ್ ಇಳಿಸುತ್ತಿರುವಾಗಲೇ ಗಿರಣಿಯ ಭೋಂಗಾ ಕೂಗಿತು. ಅವನು ಪಾನಾ ಕಿಸೆಗೆ ಹಾಕಿ ಓಡುತ್ತ ಹತ್ತಿದ. ಬೋಲ್ಟು ಬಿಗಿಯುವುದು ಬಾಕಿ ಇತ್ತು.

ಕೆಂಚವ್ವ ರೊಟ್ಟಿಯ ಬುಟ್ಟಿ ಹೊತ್ತು ಆಗಲೇ ಗೇಟಿನ ಹತ್ತಿರ ನಿಂತಿದ್ದಳು. ಗಂಡ ಇಳಿಜಾರಿನಲ್ಲಿ ಬರುವುದು ಕಂಡಿತು. ಗೇಟು ಎಡಕ್ಕೆ. ದ್ಯಾಮಪ್ಪ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದ. ಹ್ಯಾಂಡಲ್ ತಿರುಗಿತು, ದ್ಯಾಮಪ್ಪನ ಮುಖವೂ ತಿರುಗಿತು, ಸೈಕಲ್ಲು ಮಾತ್ರ ನೆಟ್ಟಗೆ ಹೋಯಿತು. ಬ್ರೇಕು ಹಿಡಿದ. ಬ್ರೇಕು ಕೈಗೆ ಬಂತು, ಗಾಲಿಗೆ ಹೋಗಲಿಲ್ಲ. ಎಡಕ್ಕೆ ನೋಡುತ್ತಲೇ ಅವನು ನೇರ ಚಹಾದ ಗೂಡಂಗಡಿಯ ಬೆಂಚಿಗೆ ಹೋಗಿ, ಅಲ್ಲಿ ಬಿಳೀ ಕೋಟು ತೊಟ್ಟು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ ಯಾರ್ಡಿನ ಮೇಸ್ತ್ರಿ ಚನಬಸಪ್ಪನ ತೊಡೆಯ ಮೇಲೆ ಕೂತ.

ಯಾರಿಗೂ ಪೆಟ್ಟಾಗಲಿಲ್ಲ. ಕೋಟಿಗೆ ಮಾತ್ರ ಚಹಾ ಆಯಿತು.

“ಏನಿದು ದ್ಯಾಮಪ್ಪಾ?” ಎಂದ ಮೇಸ್ತ್ರಿ, ತೊಡೆಯ ಮೇಲೆ ಕೂತವನನ್ನು ಇಳಿಸುವುದೂ ಮರೆತು.

“ನಂದೇನೂ ತಪ್ಪಿಲ್ರಿ ಸಾಹೇಬರ, ಹ್ಯಾಂಡಲ್ ಏರಿಸಿದಾಂವ ಪರಸ್ಯಾ!”

ಮೇಸ್ತ್ರಿ ಕೋಟು ಕೊಡವಿಕೊಂಡು ಅಲ್ಲಿಯೇ ತೀರ್ಪು ಕೊಟ್ಟ. ನಾಳೆಯಿಂದ ಇಬ್ಬರೂ ಒಂದೇ ಪಾಳಿ, ಬೆಳಗಿನ ಪಾಳಿ, ತನ್ನ ಕಣ್ಣ ಮುಂದೆ. ಪಾಳಿ ಒಂದೇ ಆದಮೇಲೆ ಒಂದು ಸೈಕಲ್ಲಿನಿಂದ ಏನುಪಯೋಗ? ಮನೆಯಲ್ಲಿ ಭಾವ ಮೈದುನ ಮಾತು ಬಿಟ್ಟರು. ಒಂದೇ ಹೊತ್ತಿಗೆ ಹೊರಟು, ಒಂದೇ ರಸ್ತೆಯ ಎರಡು ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಸೈಕಲ್ಲು ಪಡಸಾಲೆಯಲ್ಲಿ ನಿಂತಿತು. ಕೆಂಚವ್ವ ಒಂದು ತಿಂಗಳು ಅದರ ಮೇಲೆ ಒದ್ದೆ ಬಟ್ಟೆ ಹರವಿದಳು. ಕೊನೆಗೆ ಮಾರಿಬಿಡುವುದೆಂದಾಯಿತು. ಆದರೆ ಚಡ್ಡಿಯ ಮಾತಾಡಿದ ಮಲಿಕಸಾಬನ ಮುಂದೆ ಹೋಗಿ ನಿಲ್ಲಲು ಇಬ್ಬರಿಗೂ ನಾಚಿಕೆ. ಕೆಂಚವ್ವನೇ ಅದನ್ನು ನೂಕಿಕೊಂಡು ಹೋದಳು.

ಮಲಿಕಸಾಬ ಚಕ್ರವೊಂದರ ಕಡ್ಡಿ ಬಿಗಿಯುತ್ತಿದ್ದ. ತಲೆ ಎತ್ತಿ, ರೂಢಿಯಂತೆ ಕೆಳಗಷ್ಟೇ ನೋಡಿದವನು ಕೆಲಸ ಬಿಟ್ಟು ಎದ್ದು ನಿಂತ.

“ಬೆಹೆನ್, ಅಲ್ಲೇ ನಿಂದರ್ರಿ. ಹಂಗ. ಸೈಕಲ್ಲಿಗೆ ಹೊಂದಿ ನಿಂದರ್ರಿ.”

“ಯಾಕ್ರಿ?”

“ಅಮೀರುನ್ನಿಸಾ! ಜರಾ ಇಲ್ಲಿ ಬಾ!”

ಅಂಗಡಿಯ ಹಿಂದಿನ ಮನೆಯಿಂದ ಅವನ ಹೆಂಡತಿ ಅಮೀರುನ್ನಿಸಾ ಹಿಟ್ಟಿನ ಕೈಯಲ್ಲೇ ಬಂದಳು. ಪರಹೆಣ್ಣಿನ ಅಳತೆಯನ್ನು ತಾನು ತೆಗೆಯುವುದು ಸರಿಯಲ್ಲವೆಂದು ಮಲಿಕಸಾಬ ಆಚೆ ಮುಖ ಮಾಡಿ ನಿಂತು, ಹೆಂಡತಿಯಿಂದ ತೆಗೆಸಿದ.

“ಅಡ್ಡಪಟ್ಟಿ ದಾಟಿ ಎರಡೂ ಕಾಲು ನೆಲಕ್ಕ ಊರಿ ನಿಲ್ಲಾಕ ಹೇಳು. ನಡುವ ಎಷ್ಟು ಜಾಗಾ ಐತಿ?”

ಹದಿನೆಂಟು ಮೊಳದ ಕಚ್ಚೆ ಸೀರೆ. ಕೆಂಚವ್ವ ಕಾಲು ಎತ್ತಿ ದಾಟಿ ನಿಂತಳು, ಏನೂ ತೊಡರಲಿಲ್ಲ.

“ಎರಡು ಬೆಳ್ಳು,” ಎಂದಳು ಅಮೀರುನ್ನಿಸಾ.

“ಬರೋಬ್ಬರಿ! ಈಗ ಸೀಟಿನ ಮ್ಯಾಲ ಕೂಡಸು, ಗ್ವಾಡಿ ಹಿಡೀಲಿ. ಕೆಳಗಿನ ಪೆಡಲ್ ಮ್ಯಾಲ ಹಿಮ್ಮಡಿ ಇಡಲಿ. ಕಾಲು ನೆಟ್ಟಗಾತೇನು?”

“ಆತು.”

“ಈಗ ಇಳಿದು, ಸೀಟಿನ ಮೂತಿಗೆ ಮೊಣಕೈ ಹಚ್ಚಿ ಕೈ ಮುಂದ ಚಾಚಲಿ. ಬೆಳ್ಳು ಎಲ್ಲಿಗೆ ಬಂತು?”

“ಹ್ಯಾಂಡಲಿಗೆ ಮುಟ್ಟಿತು.”

ಮಲಿಕಸಾಬ ಆಚೆ ಮುಖ ಮಾಡಿಕೊಂಡೇ ತೊಡೆ ತಟ್ಟಿದ. ಹನ್ನೆರಡು ವರ್ಷದ ಅಂಗಡಿಯಲ್ಲಿ ಹೊಲಿಸಿದಂತೆ ಕೂಡಿಬಂದ ಅಳತೆ ಇದೊಂದೇ ಎಂದು ಆಮೇಲೆ ಎಲ್ಲರಿಗೂ ಹೇಳುತ್ತಿದ್ದ.

“ಇದನ್ನ ನಾ ಯಾರಿಗೂ ಮಾರಿ ಕೊಡೂದಿಲ್ಲ. ಇದು ನಿಮ್ಮದು,” ಎಂದ. “ಅವ್ರಿಬ್ಬರೂ ಹುಬ್ಬಳ್ಳಿಗೆ ಹೋಗಿ ನಿಮ್ಮ ಅಳತಿ ತಂದಾರ.”

“ನಾನು ಹೆಂಗಸು!”

“ಸೈಕಲ್ಲಿಗೆ ಅದು ಗೊತ್ತಿಲ್ಲ,” ಎಂದ ಮಲಿಕಸಾಬ.

ಸಡಿಲಾದದ್ದನ್ನೆಲ್ಲ ಬಿಗಿದು ಮಲಿಕಸಾಬ ಸೈಕಲ್ಲನ್ನು ಅಂಗಡಿಯಲ್ಲೇ ಇಟ್ಟುಕೊಂಡ, ಅದು ಗಿರಾಕಿಗೆ ಕಾಯುತ್ತಿದೆಯೆಂದು ಮನೆಯ ಗಂಡಸರಿಬ್ಬರೂ ತಿಳಿದರು. ಕಲಿಸುವ ಕೆಲಸ ಅಮೀರುನ್ನಿಸಾಳ ಪಾಲಿಗೆ ಬಂತು. ಅವಳಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಆದರೆ ಗಂಡ ಗಿರಾಕಿಗಳಿಗೆ ಮಾಡುವ ಉಪದೇಶವನ್ನು ಗೋಡೆಯ ಆಚೆಯಿಂದ ಇಷ್ಟು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಗಂಡಸರು ಗಿರಣಿಗೆ ಹೋದಮೇಲೆ ಇಬ್ಬರೂ ಸಾಗವಾನಿ ನಾಟಾದ ದಿಮ್ಮಿ ಒಟ್ಟುವ ಬಯಲಿಗೆ ಹೋದರು. ಅಮೀರುನ್ನಿಸಾ ಓಢಣಿ ಸೊಂಟಕ್ಕೆ ಬಿಗಿದು, ಸೀಟು ಹಿಡಿದು, ಓಡುತ್ತ ಕೂಗಿದಳು.

“ಗಾಲಿ ನೋಡಬ್ಯಾಡ್ರಿ, ಮುಂದ ನೋಡ್ರಿ! ಭುಜಾ ಸಡ್ಲ ಬಿಡ್ರಿ! ಹ್ಯಾಂಡಲನ್ನ ಹಾವು ಹಿಡದಂಗ ಹಿಡೀಬ್ಯಾಡ್ರಿ!”

“ಬಿಡಬ್ಯಾಡ್ರಿ ಮತ್ತ!”

“ನಾ ಹಿಡದೇನಿ! ನಾ ಹಿಡದೇನಿ!”

ಆ ಕೂಗು ದೂರದಿಂದ ಬರುತ್ತಿದೆ ಎನ್ನಿಸಿ ಕೆಂಚವ್ವ ಓರೆಗಣ್ಣಲ್ಲಿ ನೋಡಿದಳು. ಅಮೀರುನ್ನಿಸಾ ಐವತ್ತು ಮಾರು ಹಿಂದೆ ಬಗ್ಗಿ, ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು “ನಾ ಹಿಡದೇನಿ” ಎಂದು ಕೂಗುತ್ತಿದ್ದಳು. ಅಂದರೆ ಕೆಂಚವ್ವ ತಾನೇ ಹೊಡೆಯುತ್ತಿದ್ದಾಳೆ. ಮೇಕೆಗಳು ಹಾದಿ ಬಿಟ್ಟವು. ನಾಟಾದ ರಾಶಿ ಬಂತು, ತಾನಾಗಿ ಪಕ್ಕಕ್ಕೆ ಸರಿಯಿತು. ಗಾಳಿ ಮುಖಕ್ಕೆ ಬಡಿಯಿತು. ಹುಟ್ಟಿದಾಗಿನಿಂದ ಬಗ್ಗಿ ನಡೆ, ಕೂತೇ ಇರು ಎಂದು ಕೇಳಿಸಿಕೊಂಡು ಬಂದವಳು ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳು ಎಷ್ಟು ಎತ್ತರವೆಂದು ಸೈಕಲ್ಲಿನ ಮೇಲೆ ಯಾರಿಗೂ ತಿಳಿಯುವಂತಿರಲಿಲ್ಲ.

“ಅಮೀರುನ್ನಿಸಾ! ನಿಲ್ಲಸೂದು ಹೆಂಗ?”

ಇಷ್ಟು ವರ್ಷದ ಉಪದೇಶದಲ್ಲಿ ಆ ಭಾಗ ಮಾತ್ರ ಅಮೀರುನ್ನಿಸಾಳಿಗೆ ನೆನಪಿಗೆ ಬರಲೊಲ್ಲದು. “ಹಂಗ ತಿರುಗಕೋತ ಇರ್ರಿ, ಕೇಳಕೊಂಡ ಬರ್ತೇನಿ!” ಎಂದು ಒಂದೇ ಚಪ್ಪಲಿಯಲ್ಲಿ ಅಂಗಡಿಗೆ ಓಡಿದಳು. ಕೆಂಚವ್ವ ಬಯಲನ್ನು ಒಂಬತ್ತು ಸುತ್ತು ಸುತ್ತಿದಳು. ಹತ್ತನೆಯ ಸುತ್ತಿಗೆ ಅಮೀರುನ್ನಿಸಾ ಏದುಸಿರು ಬಿಡುತ್ತ ಬಂದು, “ಬ್ರೇಕು! ಬ್ರೇಕು ಹಿಡೀಬೇಕಂತ!” ಎಂದಳು. ಕೆಂಚವ್ವ ಹಿಡಿದಳು. ಎರಡೂ ಕಾಲು ನೆಲಕ್ಕೆ ಊರಿತು.

ಹದಿನೈದು ದಿನಗಳಲ್ಲಿ ರೊಟ್ಟಿಯ ಬುಟ್ಟಿ ಕೆಂಚವ್ವನ ತಲೆಯಿಂದ ಸೈಕಲ್ಲಿನ ಕ್ಯಾರಿಯರಿಗೆ ಇಳಿಯಿತು. ಅಂಗಡಿಗೆ ಹೋಗಿ ಬಂದು ಪಾನಾ ಹಿಡಿಯುವುದನ್ನೂ ಅಳತೆ ಕೂಡಿಸುವುದನ್ನೂ ಅವಳು ಕಲಿತುಕೊಂಡಳು. ಮೊದಲ ದಿನ ಲೈನಿನ ಹದಿನಾಲ್ಕೂ ಮಂದಿ ರೊಟ್ಟಿ ತೆಗೆದುಕೊಳ್ಳುವುದು ಬಿಟ್ಟು ನೋಡುತ್ತ ನಿಂತರು. ಸುದ್ದಿ ಅವಳಿಗಿಂತ ಮೊದಲು ಯಾರ್ಡು ಮುಟ್ಟಿತು.

ಅವತ್ತು ದ್ಯಾಮಪ್ಪ ಮನೆಗೆ ಬಂದು ಮಾತಾಡದೆ ಕೈಕಾಲು ತೊಳೆದ, ಮಾತಾಡದೆ ನಾಲ್ಕು ರೊಟ್ಟಿ ತಿಂದ. ಕೆಂಚವ್ವ ಬೈಗುಳಕ್ಕೆ ತಯಾರಾಗಿ ಒಲೆಯ ಮುಂದೆ ಕೂತಿದ್ದಳು. ಐದನೆಯ ರೊಟ್ಟಿ ಮುರಿಯುತ್ತ ಅವನು ಕೇಳಿದ.

“ನಿನಗ ಕಾಲು ನೆಲಕ್ಕ ಮುಟ್ಟತೈತೇನು?”

“ಮುಟ್ಟತೈತ್ರಿ.”

“ಎರಡೂ?”

“ಎರಡೂ.”

ದ್ಯಾಮಪ್ಪ ರೊಟ್ಟಿಯ ಚೂರಿಗೆ ಪಲ್ಯ ಹಚ್ಚಿದ. “ನಡು ದಾರಿಯೊಳಗ, ಕಲ್ಲು ಇಲ್ಲದ ಜಾಗಾದಾಗೂ ನಿಲ್ಲಾಕ ಬರತೈತಿ?”

“ಬರತೈತ್ರಿ.”

“ಹೆಂಗ ಅನಸತೈತಿ?”

ಕೆಂಚವ್ವ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಗಂಡಸರಿಬ್ಬರೂ ಎದ್ದದ್ದೇ ತಡವಾಯಿತು. ಇಬ್ಬರೂ ಮಾತು ಬಿಟ್ಟಿದ್ದರಿಂದ, ಅವನು ತನ್ನನ್ನು ಎಬ್ಬಿಸಲಿ ಎಂದು ಇವನು, ಇವನು ಎಬ್ಬಿಸಲಿ ಎಂದು ಅವನು ಎಚ್ಚರವಿದ್ದೇ ಮಲಗಿದ್ದರು. ಮೊದಲ ಭೋಂಗಾ ಕೂಗಿತು. ಇನ್ನು ಹತ್ತೇ ನಿಮಿಷ. ತಡವಾದರೆ ಚನಬಸಪ್ಪ ಗೇಟಿನಲ್ಲೇ ನಿಂತಿರುತ್ತಾನೆ, ಅವನ ಕೋಟಿನ ಕಲೆ ಇನ್ನೂ ಹೋಗಿರಲಿಲ್ಲ.

“ಕೂಡ್ರಿ,” ಎಂದಳು ಕೆಂಚವ್ವ, ಸೈಕಲ್ಲು ಹೊರಗೆ ತಂದು.

“ಯಾರು?” ಎಂದರು ಇಬ್ಬರೂ ಒಟ್ಟಿಗೆ. ಏಳು ತಿಂಗಳಲ್ಲಿ ಇಬ್ಬರೂ ಕೂಡಿ ಆಡಿದ ಮೊದಲ ಮಾತು ಅದು.

“ಇಬ್ಬರೂ.”

ದ್ಯಾಮಪ್ಪ ಮುಂದಿನ ಅಡ್ಡಪಟ್ಟಿಯ ಮೇಲೆ ಕೂತ. ಅವನ ಪಟಗಾ ಕಣ್ಣಿಗೆ ಅಡ್ಡ ಬಂದದ್ದರಿಂದ ಕೆಂಚವ್ವ ಅದನ್ನು ತೆಗೆಸಿದಳು. ಪರಸಪ್ಪ ಹಿಂದೆ ಕ್ಯಾರಿಯರಿನ ಮೇಲೆ. ಅವನ ಕಾಲುಗಳು ಇಡಲು ಜಾಗವಿಲ್ಲದೆ ಎರಡೂ ಬದಿಗೆ ನೆಲದ ಮೇಲೆ ಓಡುತ್ತ ಬರುತ್ತಿದ್ದವು. ಏರು ಬಂದಾಗ ಅದು ಉಪಯೋಗಕ್ಕೂ ಬಂತು. ಹೀಗೆ ಅರ್ಧ ಮೈಲು ಬಂದಿದ್ದರು, ಎದುರಿಗೆ ಪೊಲೀಸ್ ಹವಾಲ್ದಾರ ತನ್ನ ಸೈಕಲ್ಲಿನಿಂದ ಇಳಿದು ಕೈ ಅಡ್ಡ ಹಿಡಿದ. ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂತರೇ ಕೇಸು ಹಾಕುತ್ತಿದ್ದ ಕಾಲ ಅದು.

ಹವಾಲ್ದಾರ ನೋಟ್‌ಬುಕ್ಕು ತೆಗೆದ. ಮೂವರನ್ನೂ ಮೇಲಿನಿಂದ ಕೆಳಗೆ ನೋಡಿದ, ಮತ್ತೆ ಕೆಳಗಿನಿಂದ ಮೇಲಕ್ಕೆ ನೋಡಿದ. ಎಲ್ಲಿಂದ ಬರೆಯಲು ಶುರು ಮಾಡಬೇಕೆಂದು ತಿಳಿಯಲಿಲ್ಲ.

“ಸವಾರರು ಯಾರು?”

“ನಾನ್ರಿ,” ಎಂದಳು ಕೆಂಚವ್ವ.

“ಮತ್ತ ಇವ್ರು?”

“ಸಾಮಾನ್ರಿ.”

ದ್ಯಾಮಪ್ಪ ಬಾಯಿ ತೆರೆದ. “ಸುಮ್ಮಕಿರು ಮಾವಾ, ಸಾಮಾನು ಮಾತಾಡೂದಿಲ್ಲ,” ಎಂದು ಹಿಂದಿನಿಂದ ಪರಸಪ್ಪ ಪಿಸುಗುಟ್ಟಿದ.

ಹವಾಲ್ದಾರನಿಗೆ ನಗು ಬಂತು, ನಗಲು ಹೋಗಿ ಸೊಂಟ ಹಿಡಿದುಕೊಂಡ. “ಅಯ್ಯಯ್ಯಪ್ಪಾ!”

ಕೆಂಚವ್ವ ಅವನ ಸೈಕಲ್ಲು ನೋಡಿದಳು. “ಸಾಹೇಬರ, ಸೊಂಟಾ ನೋಯೂದು ಎಷ್ಟ ದಿನದಿಂದ್ರಿ?”

“ಈ ಸೈಕಲ್ ಕೊಟ್ಟಾಗಿಂದ.”

“ನಿಮ್ಮ ಹ್ಯಾಂಡಲ್ ಸೀಟಿಗಿಂತ ಒಂದು ಗೇಣು ತೆಳಗ ಐತ್ರಿ. ನೀವು ಹೊಲದಾಗ ಕಳೇ ಕೀಳಾವ್ರಂಗ ಬಗ್ಗಿ ಹೊಡೀಲಾಕ ಹತ್ತೀರಿ. ಕಳ್ಳನ್ನ ಹಿಡಿಯಾಂವಗ ಮುಖಾ ಮ್ಯಾಲಿರಬೇಕು, ಇಲ್ಲಂದ್ರ ಅವರ ಚಪ್ಪಲಿ ಅಷ್ಟ ಕಾಣತಾವು.”

ಅವಳು ಸೆರಗಿನ ಗಂಟಿನಿಂದ ಪಾನಾ ತೆಗೆದಳು. ಸೀಟಿನ ಮೂತಿಗೆ ಹವಾಲ್ದಾರನ ಮೊಣಕೈ ಹಚ್ಚಿಸಿ ನೋಡಿದಳು. ಬೋಲ್ಟು ಸಡಿಲಿಸಿ, ದ್ಯಾಮಪ್ಪನಿಂದ ಗಾಲಿ ಹಿಡಿಸಿ, ಪರಸಪ್ಪನಿಂದ ಎಳೆಸಿ, ಹ್ಯಾಂಡಲನ್ನು ಸೀಟಿನ ಮಟ್ಟಕ್ಕಿಂತ ಒಂದು ಬೆರಳು ಮೇಲೆ ತಂದು ಬಿಗಿದಳು. ಬ್ರೇಕಿನ ಸರಳನ್ನೂ ಮರೆಯದೆ ಸಡಿಲಿಸಿ ಕೂಡಿಸಿದಳು. ಆ ಸರಳಿಗೂ ಹ್ಯಾಂಡಲಿಗೂ ಸಂಬಂಧವಿದೆಯೆಂದು ಗಂಡಸರಿಬ್ಬರೂ ಮೊದಲ ಸಲ ಕಂಡದ್ದು ಆಗ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಹವಾಲ್ದಾರ ಹತ್ತಿ ಒಂದು ಸುತ್ತು ಹೊಡೆದು ಬಂದ. ಅವನ ಮುಖ ಮೇಲಿತ್ತು, ಗಿಡಮರ ನೋಡುತ್ತಿತ್ತು. ನೋಟ್‌ಬುಕ್ಕು ಕಿಸೆಗೆ ಹಾಕಿದ.

“ಸಾಮಾನು ಇಳಿಸಿ ಒಯ್ಯಿರಿ,” ಎಂದ.

ಸಾಮಾನು ಇಳಿದು ಗಿರಣಿಯ ಕಡೆ ಓಡಿತು. ತಡವಂತೂ ಆಗಿತ್ತು, ಬೈಗುಳವೂ ಬಿತ್ತು. ಆದರೆ ಅವತ್ತು ಸಂಜೆ ಇಬ್ಬರೂ ರಸ್ತೆಯ ಒಂದೇ ಅಂಚಿನಲ್ಲಿ, ಮಾತಾಡುತ್ತ ಬಂದರು. ಬರುವ ದಾರಿಯಲ್ಲಿ ಮಲಿಕಸಾಬನ ಅಂಗಡಿಯ ಮುಂದೆ ನಿಂತರು.

ಪರಸಪ್ಪನದು ಬೇಗ ಮುಗಿಯಿತು, ಇಪ್ಪತ್ತನಾಲ್ಕು. ದ್ಯಾಮಪ್ಪನ ಅಳತೆಯನ್ನು ಗೋಣಿಚೀಲ ಅಡ್ಡ ಕಟ್ಟಿ ತೆಗೆಯಬೇಕಾಯಿತು.

“ನಂಬರ ಮೆಲ್ಲಕ ಹೇಳ್ರಿ,” ಎಂದ ಅವನು ಗೋಣಿಯ ಆಚೆಯಿಂದ.

ಮಲಿಕಸಾಬ ಕಿವಿಯಲ್ಲಿ ಹೇಳಿದ. ಎರಡೂ ಸೈಕಲ್ಲು ಮೂರು ವಾರಕ್ಕೆ ಬಂದವು. ದ್ಯಾಮಪ್ಪ ತನ್ನದನ್ನು ಹತ್ತಿ ಹೋದವನು ಮನೆಯಿಂದ ಗಿರಣಿಗೆ ಮುಕ್ಕಾಲು ಗಂಟೆ ತೆಗೆದುಕೊಂಡ. ಕಲ್ಲಿಲ್ಲದ, ಮೋರಿಯಿಲ್ಲದ, ಯಾವ ಆಸರೆಯೂ ಇಲ್ಲದ ಕಡೆಯಲ್ಲೆಲ್ಲ ಬ್ರೇಕು ಹಿಡಿದು, ಕಾಲೂರಿ, ಸುಮ್ಮನೆ ನಿಲ್ಲುತ್ತಿದ್ದ. ಏನಾಯಿತು ಎಂದು ಕೇಳಿದವರಿಗೆ “ಏನಿಲ್ಲ, ನಿಂತೇನಿ” ಎನ್ನುತ್ತಿದ್ದ.

ಕೆಂಚವ್ವನ ಕೈಗುಣದ ಸುದ್ದಿ ಹಳಿಯಾಳದವರೆಗೆ ಹೋಯಿತು. ಸೈಕಲ್ಲು ಕೊಳ್ಳುವವರು ಮೊದಲು ರೊಟ್ಟಿಯ ನೆಪದಲ್ಲಿ ಬಂದು ಅವಳನ್ನು ಕೇಳತೊಡಗಿದರು. ಅರವತ್ತೈದರಲ್ಲಿ ಮುಂಡಗೋಡದ ಹತ್ತಿರದ ಪಾಳಾದಿಂದ ಅಕ್ಕ ಈರಕ್ಕನ ಕರೆ ಬಂತು. ಈರಕ್ಕನ ಮಗಳು ಸುಶೀಲವ್ವನಿಗೆ ಗಂಡು ಗೊತ್ತಾಗಿತ್ತು. ಅದೇ ಊರಿನ ಸಾತಪ್ಪ. ಮದುವೆಗೆ ವರನಿಗೆ ಒಂದು ಸೈಕಲ್ಲು, ಅದೂ ಇಪ್ಪತ್ತನಾಲ್ಕು ಇಂಚಿನದೇ ಆಗಬೇಕೆಂದು ಅವನ ತಂದೆಯ ಹಟ. ಅಳತೆ ನೋಡಲು ಕೆಂಚವ್ವನನ್ನು ಕರೆಸಿದ್ದರು.

ಈರಕ್ಕನ ಪಡಸಾಲೆಯ ತುಂಬ ಜನ. ಸಾತಪ್ಪ ಬಂದು ನಿಂತ. ಹೊಸ ಬೂಟು, ಹಿಮ್ಮಡಿ ಮೂರಿಂಚು. ನಿಲ್ಲುವಾಗ ಸ್ವಲ್ಪ ಮುಂದಕ್ಕೆ ಬಾಗಿದಂತಿದ್ದ.

“ಬೂಟು ಕಳೀಪಾ, ಅಳತಿ ತಗೀಬೇಕು,” ಎಂದಳು ಕೆಂಚವ್ವ.

ಸಾತಪ್ಪ ಅಲುಗಲಿಲ್ಲ. ಕೆಂಚವ್ವ ಬಗ್ಗಿ ಬಿದಿರಿನ ಕಡ್ಡಿಯನ್ನು ಅವನ ಕಾಲಿನ ಪಕ್ಕಕ್ಕೆ ಹಿಡಿದಾಗ ಬೂಟಿನ ಒಳಗಿನಿಂದ ತೆಂಗಿನ ನಾರು ಇಣುಕಿದ್ದು ಕಂಡಿತು. ಬೂಟಿನ ಹಿಮ್ಮಡಿ ಸಾಲದೆ ಒಳಗೆ ನಾರಿನ ಸಿಂಬಿ ಬೇರೆ ಇಟ್ಟುಕೊಂಡಿದ್ದ.

“ಅಕ್ಕಾರ,” ಎಂದ ಅವನು ತುಟಿ ಅಲುಗದಂತೆ, “ಆಕಿ ನನಗಿಂತ ಎತ್ತರ ಅದಾಳ್ರಿ.”

ಕೆಂಚವ್ವನ ಕಣ್ಣಿಗೆ ತನ್ನ ಅಂತರಪಟ, ಅದರಾಚೆಯಿಂದ ಮೇಲೆ ನೋಡಿ ನಕ್ಕ ಆ ಮುಖ ಬಂತು. ಅಡುಗೆಮನೆಯ ಬಾಗಿಲಲ್ಲಿ ಸುಶೀಲವ್ವ ನಿಂತಿದ್ದಳು. ಅವಳು ಸಾತಪ್ಪನ ಬೂಟನ್ನೇ ನೋಡುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ಇವನಿಗೆ ಅದು ಗೊತ್ತಿರಲಿಲ್ಲ.

“ಬೂಟು ಇರಲಿ ಬಿಡು,” ಎಂದು ಕೆಂಚವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. “ಅಳತಿ ಸಿಕ್ಕತು.”

ಮದುವೆಯ ಹಿಂದಿನ ದಿನ ಸೈಕಲ್ಲು ಪಾಳಾಕ್ಕೆ ಬಂತು. ಸಾತಪ್ಪನ ತಂದೆ ಅದರ ಸುತ್ತ ತಿರುಗಿ, ಹುಬ್ಬು ಗಂಟಿಕ್ಕಿ, ಗೇಣು ಹಾಕಿ ನೋಡಿದ.

“ಏನವಾ, ಇದು ಇಪ್ಪತ್ತನಾಕೇನು? ನಮ್ಮ ಗೌಡ್ರ ಇಪ್ಪತ್ತನಾಕು ಇದಕ್ಕಿಂತ ದೊಡ್ಡದೈತಿ.”

“ಅವರದು ಹಳೇ ಇಪ್ಪತ್ತನಾಕ್ರಿ,” ಎಂದಳು ಕೆಂಚವ್ವ, ಮುಖದ ಒಂದು ಗೆರೆಯೂ ಅಲುಗದಂತೆ. “ಈ ವರ್ಷದ ಇಪ್ಪತ್ತನಾಕು ಹಿಂಗ ಬರ್ತಾವು.”

ಸಾತಪ್ಪ ಬರಿಗಾಲಲ್ಲಿ ಹತ್ತಿ ಊರ ಸುತ್ತ ಹೊಡೆದು ಬಂದು, ಮನೆಯ ಮುಂದೆ ಎರಡೂ ಕಾಲು ಊರಿ ನಿಂತ. ಅಷ್ಟು ಚೆನ್ನಾಗಿ ಸೈಕಲ್ಲಿನ ಮೇಲೆ ಕೂತವರನ್ನು ಪಾಳಾದಲ್ಲಿ ಯಾರೂ ನೋಡಿರಲಿಲ್ಲ. ತಂದೆಗೆ ಸಮಾಧಾನವಾಯಿತು, ಊರವರಿಗೆ ಆಸೆಯಾಯಿತು. ಆ ಸುಗ್ಗಿಯ ನಂತರ ಮುಂಡಗೋಡದ ಸಂತೆಗೆ ಬಂದ ಪಾಳಾದ ಕುಳ್ಳರೆಲ್ಲ ಸೈಕಲ್ ಅಂಗಡಿಯಲ್ಲಿ ನಿಂತು, ನಮಗೆ ಹಳೆಯದು ಬೇಡ, ಈ ವರ್ಷದ ಇಪ್ಪತ್ತನಾಲ್ಕೇ ಕೊಡಿ ಎಂದು ಕೇಳತೊಡಗಿದರು. ಅಂಗಡಿಯವನಿಗೆ ಅದು ಏನೆಂದು ತಿಳಿಯಲು ಎರಡು ವರ್ಷ ಬೇಕಾಯಿತು.